ಮೂರು ಸಲ ತಪ್ಪಿದ ಮೇಲೆ

ನನ್ನ ಲ್ಯಾಪ್‌ಟಾಪನ್ನು ನಾನು ಯಾವತ್ತೂ ಪೂರ್ತಿ ಆರಿಸಿದವಳಲ್ಲ. ಮುಚ್ಚಳ ಮುಚ್ಚಿದರೆ ಅದು ನಿದ್ದೆ ಹೋಗುತ್ತದೆ, ತೆರೆದರೆ ಬಿಟ್ಟಲ್ಲಿಂದಲೇ ಕಣ್ಣು ಬಿಡುತ್ತದೆ. ಅರ್ಧ ವಾಕ್ಯ ಬರೆದು, ಎದ್ದು ಹೋಗಿ ಸಾರಿಗೆ ಒಗ್ಗರಣೆ ಹಾಕಿ, ಬಂದು ಉಳಿದರ್ಧ ಬರೆಯಬಹುದು. ಹಾಗಾಗಿ ಆ ಶುಕ್ರವಾರ ಸಂಜೆ ಶಾಲೆಯಿಂದ ಬಂದು ಮುಚ್ಚಳ ತೆಗೆದಾಗ ಪರದೆ ಕಪ್ಪಗಿದ್ದದ್ದು ಕಂಡು ಚಾರ್ಜು ಮುಗಿದಿರಬೇಕು ಅಂದುಕೊಂಡೆ. ತಂತಿ ಸಿಕ್ಕಿಸಿ ಗುಂಡಿ ಒತ್ತಿದೆ. ಕಪ್ಪಿನ ನಡುವೆ ಒಂದು ಪುಟ್ಟ ಬೀಗದ ಚಿತ್ರ ಬಂತು, ಪಕ್ಕದಲ್ಲಿ ಒಂದು ಖಾಲಿ ಗೆರೆ. ಆರು ವರ್ಷ ನನ್ನ ಜೊತೆ ಬಾಳಿದ ಯಂತ್ರ ಮೊದಲ ಸಲ ನನ್ನನ್ನು ನೀನು ಯಾರು ಎಂದು ಕೇಳಿತು.

ನಾನು ಕುಂದೂರು ಕಡೆಯ ಒಂದು ಹೈಸ್ಕೂಲಿನಲ್ಲಿ ಕನ್ನಡ ಮೇಡಂ. ಶಾಲೆಗೆ ಐವತ್ತು ವರ್ಷ ತುಂಬಿತೆಂದು ಸ್ಮರಣ ಸಂಚಿಕೆ ತರುವುದೆಂದಾಯಿತು, ಕೆಲಸ ನನ್ನ ತಲೆಗೆ ಬಂತು. ಹಳೆಯ ವಿದ್ಯಾರ್ಥಿಗಳು ನಲವತ್ತೆರಡು ಜನ ತಮ್ಮ ನೆನಪುಗಳನ್ನು ಕೈಯಲ್ಲಿ ಬರೆದು ಕಳಿಸಿದ್ದರು. ಮೊದಲ ತಂಡದ ಒಬ್ಬಾಕೆಗೆ ಈಗ ಕೈ ನಡುಗುವ ಕಾಯಿಲೆ. ಮೂರು ಪುಟ ಬರೆಯಲು ಆಕೆ ಮೂರು ತಿಂಗಳು ತೆಗೆದುಕೊಂಡಿದ್ದರು. ಎಲ್ಲವನ್ನೂ ನಾನೇ ಟೈಪು ಮಾಡಿ, ಕಾಗುಣಿತ ತಿದ್ದಿ, ಸಾಲಾಗಿ ಜೋಡಿಸಿಟ್ಟಿದ್ದೆ. ಮನೆಯಲ್ಲಿ ರದ್ದಿ ಕಂಡರೆ ನನಗಾಗುವುದಿಲ್ಲ. ಟೈಪಾದ ಕಾಗದಗಳನ್ನು ಕಂತೆ ಕಟ್ಟಿ ನೀರೊಲೆಗೆ ಹಾಕಿ, ಆ ದಿನ ಬಿಸಿಬಿಸಿ ಸ್ನಾನವನ್ನೂ ಮಾಡಿದ್ದೆ. ಸೋಮವಾರ ಹಾಸನದ ಪ್ರೆಸ್ಸಿಗೆ ಎಲ್ಲ ಕೊಡಬೇಕಿತ್ತು.

ಖಾಲಿ ಗೆರೆಯಲ್ಲಿ ನನ್ನ ಹೆಸರು ಬರೆದೆ. ತಪ್ಪು ಎಂದಿತು. ಮನೆದೇವರ ಹೆಸರು ಬರೆದೆ, ಅದೂ ತಪ್ಪು. ಕೊನೆಗೆ ನಮ್ಮ ಯಜಮಾನರ ಹೆಸರನ್ನು, ಬಾಯಲ್ಲಿ ಹೇಳಲು ನಾಚುವ ಹೆಸರನ್ನು, ಒಂದೊಂದೇ ಅಕ್ಷರ ಒತ್ತಿ ಬರೆದೆ. ಯಂತ್ರ ಒಂದು ಸಲ ಕೂಗಿ ಪೂರ್ತಿ ಸ್ತಬ್ಧವಾಯಿತು. ಮೂರು ಸಲ ತಪ್ಪಿದರೆ ಅದು ನಮ್ಮ ಜೊತೆ ಮಾತು ಬಿಡುತ್ತದಂತೆ. ಆರಿಸಿ ಮತ್ತೆ ಹಚ್ಚಿದರೆ ಇನ್ನು ಮೂರು ಸಲ. ಕತ್ತಲಾಗುವವರೆಗೆ ನಾನು ತಪ್ಪುತ್ತಲೇ ಇದ್ದೆ.

ಶುಂಠಿ ಹೊಲದಿಂದ ಬಂದ ಯಜಮಾನರು ಕೈಕಾಲು ತೊಳೆದು ಪಕ್ಕದಲ್ಲಿ ನಿಂತು ನೋಡಿದರು. "ಮಿಷನ್ ಹಳೇದಾಯ್ತು ಕಣೆ, ಅದುಕ್ಕೂ ಅರಳುಮರಳು," ಅಂದರು. ಆಮೇಲೆ, "ಇನ್ನೊಂದು ಕಾಪಿ ಎಲ್ಲಾದ್ರೂ ಇಟ್ಟಿದೀಯ ತಾನೆ?" ಎಂದು ಕೇಳಿದರು. ಮುಂದಿನ ಎರಡು ದಿನ ನಾನು ಕಂಡವರೆಲ್ಲ ಕೇಳಿದ್ದು ಇದೇ ಪ್ರಶ್ನೆ. ಸತ್ತವರ ಮನೆಗೆ ಬಂದು, ಮೊದಲೇ ಡಾಕ್ಟರಿಗೆ ತೋರಿಸಬಾರದಿತ್ತಾ ಅನ್ನುವ ನೆಂಟರ ಹಾಗೆ.

ಅತ್ತೆ ಮನೆಯಲ್ಲಿರಲಿಲ್ಲ. ಹಿಂದಿನ ಭಾನುವಾರ ಹೊಂಗಡಹಳ್ಳದ ತಂಗಿಯ ಮನೆಗೆ ಹೋಗಿದ್ದರು. ಹೋಗುವ ಹಿಂದಿನ ದಿನವೇ ಪಾಪ, ಕೆಟ್ಟಿದ್ದ ಚಾರ್ಜರನ್ನು ಲ್ಯಾಪ್‌ಟಾಪಿನ ಸಮೇತ ಆಲೂರಿಗೆ ಹೊತ್ತುಕೊಂಡು ಹೋಗಿ ರಿಪೇರಿ ಮಾಡಿಸಿ ತಂದಿಟ್ಟಿದ್ದರು. ಆ ವಾರವೆಲ್ಲ ನಾನು ಪರೀಕ್ಷೆಯ ಪೇಪರುಗಳಲ್ಲಿ ಮುಳುಗಿದ್ದರಿಂದ ಅದನ್ನು ಮುಟ್ಟಿರಲಿಲ್ಲ. ಮಿಕ್ಸಿ, ಟೀವಿ, ಮೊಬೈಲು ಎಲ್ಲವನ್ನೂ ಒಂದೇ ಸ್ಕ್ರೂಡ್ರೈವರಿನಲ್ಲಿ ಬಿಚ್ಚುವ ಆಲೂರಿನ ಮಂಜಣ್ಣನೇ ಏನೋ ಕೆಡಿಸಿದ್ದಾನೆ ಎಂದು ಒಳಗೊಳಗೇ ತೀರ್ಮಾನಿಸಿ, ಶನಿವಾರ ಮಧ್ಯಾಹ್ನ ಶಾಲೆ ಮುಗಿಸಿ ನೇರ ಹಾಸನದ ದೊಡ್ಡ ಅಂಗಡಿಗೆ ಹೋದೆ.

ಅಲ್ಲಿ ಕನ್ನಡಕದ ತರುಣರೊಬ್ಬರು ಅದರ ತಳ ಬಿಚ್ಚಿ, ಒಳಗಿನ ಡಿಸ್ಕನ್ನು ತೆಗೆದು ತಮ್ಮ ಯಂತ್ರಕ್ಕೆ ಹಾಕಿ ನೋಡಿದರು. "ಡಿಸ್ಕಿಗೂ ಲಾಕ್ ಬಿದ್ದಿದೆ ಮೇಡಂ. ಬೋರ್ಡ್ ಬದಲಾಯಿಸಿದ್ರೆ ಮಿಷನ್ ಬದುಕುತ್ತೆ. ಒಳಗಿರೋದು ಬರಲ್ಲ. ಪಾಸ್‌ವರ್ಡ್ ಯಾರು ಹಾಕಿದ್ದು?"

"ಯಾರೂ ಹಾಕಿಲ್ಲ."

"ಯಾರೂ ಹಾಕದೆ ಇದು ಬರಲ್ಲ ಮೇಡಂ," ಎಂದು ಸ್ಕ್ರೂಗಳನ್ನು ಒಂದೊಂದಾಗಿ ವಾಪಸ್ಸು ಕೂರಿಸಿದರು.

ವಾಪಸ್ಸು ಬರುವಾಗ ಬಸ್ಸಿನಲ್ಲಿ ಬ್ಯಾಗನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದೆ. ನಲವತ್ತೆರಡು ಜನಕ್ಕೆ ನಲವತ್ತೆರಡು ಪತ್ರ ಬರೆಯಬೇಕು. ಕೈ ನಡುಗುವ ಆ ಹೆಂಗಸಿಗೆ ಏನಂತ ಬರೆಯಲಿ? ದಯವಿಟ್ಟು ಇನ್ನೊಂದು ಸಲ ಮೂರು ತಿಂಗಳು ಕೂರಿ ಎಂದೇ? ಕಿಟಕಿಯಾಚೆ ನೋಡಿದರೆ ಗದ್ದೆಯಲ್ಲಿ ಹುಲ್ಲಿನ ಮೆದೆಗಳು. ಸುಟ್ಟ ಕಾಗದ ಮತ್ತೆ ಕಾಗದವಾಗುವುದಿಲ್ಲ ಎಂಬ ಇಷ್ಟು ಸಣ್ಣ ವಿಷಯ ತಿಳಿಯಲು ನನಗೆ ನಲವತ್ತೊಂಬತ್ತು ವರ್ಷ ಬೇಕಾಯಿತು. ಇಂಥ ಹೊತ್ತಿನಲ್ಲೂ ಮೇಷ್ಟರ ಬುದ್ಧಿ ಸುಮ್ಮನಿರದು. ಕನ್ನಡದಲ್ಲಿ ಬೀಗ ಅನ್ನುವುದಕ್ಕೂ ಬೀಗರು ಅನ್ನುವುದಕ್ಕೂ ಸಂಬಂಧ ಉಂಟೋ ಇಲ್ಲವೋ ಎಂದು ಅದು ಯೋಚಿಸತೊಡಗಿತು. ಬೀಗುವುದು ಅಂದರೆ ಉಬ್ಬುವುದು, ಜಂಬಪಡುವುದು. ಮದುವೆಯಲ್ಲಿ ಬೀಗರು ಬೀಗುತ್ತಾರೆ, ಅದು ಸರಿ. ಬಾಗಿಲಿನ ಬೀಗ ಯಾಕೆ ಬೀಗಬೇಕು? ಅಷ್ಟರಲ್ಲಿ ಬಸ್ಸು ಆಲೂರಿಗೆ ಬಂತು. ಬೈಯುವುದಕ್ಕಾದರೂ ಒಬ್ಬ ಮನುಷ್ಯ ಬೇಕಲ್ಲ ಎಂದು ಇಳಿದು ಮಂಜಣ್ಣನ ಅಂಗಡಿಗೆ ನಡೆದೆ.

ಮಂಜಣ್ಣ ಒಂದು ಮಿಕ್ಸಿಯ ಜಾರು ಹಿಡಿದು ಕೂತಿದ್ದ. ನಾನು ಲ್ಯಾಪ್‌ಟಾಪು ತೆಗೆದಿಟ್ಟು, ಏನು ಮಾಡಿದ್ದೀಯಪ್ಪ ಇದಕ್ಕೆ, ಅಂದೆ.

"ಅದು ನಾನೇ ಹಾಕ್ಕೊಟ್ಟಿದ್ದು ಮೇಡಂ," ಅಂದ, ಮಿಕ್ಸಿಯಿಂದ ಕಣ್ಣು ತೆಗೆಯದೆ. "ನಿಮ್ಮತ್ತೆಯೋರು ಕೇಳುದ್ರು. ಯಾರೂ ತೆಗೀಬಾರ್ದು, ಅಂಗೊಂದು ಬೀಗ ಹಾಕ್ಕೊಡಪ್ಪ ಅಂದ್ರು. ಡಿಸ್ಕಿಗೂ ಸೇರ್ಸಿ ಹಾಕ್ದೆ. ಯಾಕೆ, ಹೇಳ್ಲಿಲ್ವ?"

"ಏನು ಪಾಸ್‌ವರ್ಡು?"

"ನಂಗೆ ಗೊತ್ತಿಲ್ಲ. ಅವ್ರು ಒತ್ತೋವಾಗ ನಾನು ಆ ಕಡೆ ತಿರುಕ್ಕಂಡಿದ್ದೆ." ಜಾರನ್ನು ಕೆಳಗಿಟ್ಟು, "ಎಲ್ಡು ಸಲ ಒತ್ತಬೇಕು, ಎಲ್ಡೂ ಒಂದೇ ಇರ್ಬೇಕು ಅಂತ ಹೇಳ್ಕೊಟ್ಟೆ. ಬೋ ನಿಧಾನಕ್ಕೆ ಒತ್ತುದ್ರು," ಅಂದ.

ಅವನ ಅಂಗಡಿಯ ಮುಂದಿನ ಸ್ಟೂಲಿನ ಮೇಲೆ ನಾನು ಕೂತುಬಿಟ್ಟೆ.

ಅತ್ತೆ ಏಳನೇ ಕ್ಲಾಸು ಓದಿದವರು. ಲ್ಯಾಪ್‌ಟಾಪಿನಲ್ಲಿ ಕನ್ನಡ ಟೈಪು ಮಾಡುವುದನ್ನು ಎರಡು ವರ್ಷದ ಹಿಂದೆ ನನ್ನಿಂದಲೇ ಕಲಿತಿದ್ದರು. ಮಧ್ಯಾಹ್ನ ನಾನು ಶಾಲೆಯಲ್ಲಿರುವಾಗ ಅದರ ಮುಂದೆ ಕೂರುತ್ತಿದ್ದರು. ದೇವರ ನಾಮ ಬರೆದುಕೊಳ್ಳುತ್ತಾರೆ ಎಂದುಕೊಂಡಿದ್ದೆ. ಮೂರು ತಿಂಗಳ ಹಿಂದೆ ನನ್ನ ಕಡತ ಹುಡುಕುವಾಗ ಅವರ ಬರಹ ಕಣ್ಣಿಗೆ ಬಿತ್ತು. ಅವರು ಈ ಮನೆಗೆ ಸೊಸೆಯಾಗಿ ಬಂದ ಕಾಲದ್ದು. ಓದಿ ಬೆರಗಾದೆ. ಸುಮ್ಮನೆ ಬೆರಗಾಗಿದ್ದರೆ ಸಾಕಿತ್ತು. ಕಾಗುಣಿತವನ್ನೆಲ್ಲ ತಿದ್ದಿದೆ, ಉದ್ದ ವಾಕ್ಯಗಳನ್ನು ತುಂಡು ಮಾಡಿದೆ, ಅವರ ಕಡತದ ಮೇಲೇ ಸೇವ್ ಮಾಡಿದೆ. ಅದೂ ಸಾಲದೆ, ಯಜಮಾನರ ಗೆಳೆಯರು ಊಟಕ್ಕೆ ಬಂದ ದಿನ, ನಮ್ಮತ್ತೆ ಲೇಖಕಿ ಆಗಿದ್ದಾರೆ ಗೊತ್ತಾ ಎಂದು ಎಲ್ಲರ ಮುಂದೆ ಒಂದು ಸಾಲು ಹೇಳಿದೆ: ಈ ಮನೆಗೆ ಬಂದ ಮೊದಲ ವರ್ಷ ಕಿಟಕಿ ಹತ್ತಿರ ನಿಲ್ಲಲು ನನಗೆ ಪುರುಸೊತ್ತು ಸಿಗಲಿಲ್ಲ, ಹೊರಗೆ ಯಾವ ಮರ ಇದೆ ಅನ್ನುವುದು ಎರಡನೇ ವರ್ಷ ಗೊತ್ತಾಯಿತು. ಆಮೇಲೆ ಪುರುಸೊತ್ತು ಎಂಬ ಪದವನ್ನು ಅವರು ಹೇಗೆ ತಪ್ಪಾಗಿ ಬರೆದಿದ್ದರು ಎಂಬುದನ್ನೂ ಹೇಳಿದೆ. ಎಲ್ಲರೂ ನಕ್ಕರು. ಅನ್ನ ಬಡಿಸುತ್ತಿದ್ದ ಅತ್ತೆಯೂ ನಕ್ಕರು. ನಾನು ಅದನ್ನು ಹೊಗಳಿಕೆ ಎಂದೇ ತಿಳಿದಿದ್ದೆ.

ಭಾನುವಾರ ಸಕಲೇಶಪುರದಲ್ಲಿ ಬಸ್ಸು ಬದಲಿಸಿ ಹೊಂಗಡಹಳ್ಳ ತಲುಪುವಾಗ ಹನ್ನೊಂದು ಗಂಟೆ. ಅಲ್ಲಿಗೆ ಫೋನು ಹತ್ತುವುದು ಅದೃಷ್ಟವಿದ್ದರೆ. ಅತ್ತೆ ತಂಗಿಯ ಮನೆಯ ಜಗಲಿಯಲ್ಲಿ ಕೂತು ಅವರೆಕಾಯಿ ಬಿಡಿಸುತ್ತಿದ್ದರು. ನನ್ನ ಹೆಗಲಿನ ಬ್ಯಾಗು ನೋಡಿದರು.

"ಅದು ಬೀಗದ ಕೈ ಕೇಳ್ತಾ?" ಅಂದರು.

"ಕೇಳ್ತು."

ಚಿಕ್ಕತ್ತೆ ಕಾಫಿ ಮಾಡುತ್ತೇನೆಂದು ಒಳಗೆ ಹೋದರು. ನಾನು ಅತ್ತೆಯ ಪಕ್ಕ ಕೂತೆ. "ಒಂದು ಮಾತು ಹೇಳಬೌದಿತ್ತಲ್ಲ ಅತ್ತೆ," ಅಂದೆ.

"ಹೇಳನ ಅಂತಲೇ ಇದ್ದೆ ಕಣವ್ವ. ಆಲೂರಿಂದ ಬಂದೋಳು ಅದನ್ನ ಮಂಚದ ಮ್ಯಾಲೆ ಇಟ್ಟು ನಿಂತ್ಕಂಡಿದ್ದೆ. ನೀನು ಪೇಪರು ತಿದ್ತಾ ಇದ್ದೆ. ತಲೆ ಎತ್ತುದ್ರೆ ಹೇಳನ ಅಂತ ಒಂದು ಗಳಿಗೆ ನೋಡುದೆ. ಆಮೇಲೆ ಮಲಿಕ್ಕಂಡೆ. ಬೆಳಗ್ಗೆ ಬಸ್ಸಿನ ಅವಸರದಲ್ಲಿ ಮರ್ತೇಬುಟ್ಟೆ. ನಿನ್ನ ಕೆಲಸ ನಿಂತೋಗಿದ್ರೆ ಅದು ನಂದೇ ತಪ್ಪು."

"ನಾನು ಚೆನ್ನಾಗೈತೆ ಅಂತಲೇ ಎಲ್ಲರಿಗೂ ಹೇಳಿದ್ದು ಅತ್ತೆ."

"ಚೆನ್ನಾಗೈತೆ ಅಂತ ನಂಗೂ ಗೊತ್ತಿತ್ತು," ಅಂದರು. ಕೈ ನಿಲ್ಲಲಿಲ್ಲ, ಕಾಳು ಬುಟ್ಟಿಗೆ ಬೀಳುತ್ತಲೇ ಇದ್ದವು. "ನೀನು ಮನೆಗೆ ಬಂದ ವರ್ಷ ಬೀರುದು, ಪೆಟ್ಟಿಗೆದು, ಉಗ್ರಾಣದ್ದು, ಎಲ್ಲಾ ಬೀಗದ ಕೈ ನಿಂಗೇ ಕೊಟ್ಟೆ. ಖುಷಿಯಿಂದಲೇ ಕೊಟ್ಟೆ, ಸುಳ್ಳಲ್ಲ. ನಂದು ಅಂತ ಒಂದು ಮೂಲೆ ಇರ್ಲಿ ಅನ್ನಿಸ್ತು. ಅಷ್ಟೇಯ."

ಹಾಸನದಲ್ಲಿ ಎಲ್ಲ ಕಳೆದುಹೋಯಿತು ಅಂದಾಗಲೂ ನಾನು ಅತ್ತಿರಲಿಲ್ಲ. ಈಗ ಅಳು ಬಂತು. ಅತ್ತೆ ಸೆರಗಿನಲ್ಲಿ ಕೈ ಒರೆಸಿಕೊಂಡು ಲ್ಯಾಪ್‌ಟಾಪನ್ನು ತೊಡೆಯ ಮೇಲೆ ಎಳೆದುಕೊಂಡರು. ಒಂದೇ ಬೆರಳಿನಲ್ಲಿ ಒಂದೊಂದೇ ಗುಂಡಿ ಒತ್ತಿದರು. ನಾನು ಅವರೆಕಾಯಿಯ ರಾಶಿಯನ್ನು ನೋಡುತ್ತಿದ್ದೆ. ಯಂತ್ರ ತೆರೆಯಿತು. ನಲವತ್ತೆರಡೂ ಇದ್ದವು. ಅಲ್ಲೇ ಕೂತು ಎಲ್ಲವನ್ನೂ ಪೆನ್‌ಡ್ರೈವಿಗೆ ಹಾಕಿಕೊಂಡೆ.

ಅತ್ತೆಯ ಬರಹ ಇದ್ದ ಜಾಗದಲ್ಲಿ ಅದು ಕಾಣಲಿಲ್ಲ. ಕೇಳಬಾರದೆಂದುಕೊಂಡೂ ಕೇಳಿದೆ.

"ಅದನ್ನ ಅಳಿಸಾಕ್ಬುಟ್ಟೆ," ಅಂದರು. "ನೀನು ತಿದ್ದಿದ್ಮ್ಯಾಲೆ ಓದಿ ನೋಡುದೆ. ಬೇರೆ ಯಾರೋ ಬರೆದಂಗಿತ್ತು. ಈಗ ಬೇರೆ ಬರೀತಾ ಇವ್ನಿ."

ಸಂಚಿಕೆ ಅಚ್ಚಾಯಿತು. ಎಲ್ಲರೂ ಮೆಚ್ಚಿದರು, ಒಂದೂ ಕಾಗುಣಿತದ ತಪ್ಪಿಲ್ಲ ಎಂದು ಹೆಡ್‌ಮೇಷ್ಟರು ವಿಶೇಷವಾಗಿ ಹೇಳಿದರು. ನನಗೆ ಮಾತ್ರ ಆ ಕಿಟಕಿಯ ಸಾಲೇ ಒಳಗೆ ಕೂತಿದೆ. ಅದು ನೆನಪಿರುವುದು ನಾನು ತಿದ್ದಿದ ರೂಪದಲ್ಲಿ. ಪುರುಸೊತ್ತನ್ನು ಅತ್ತೆ ಹೇಗೆ ಬರೆದಿದ್ದರೆಂದು ಎಷ್ಟು ತಲೆ ಕೆರೆದುಕೊಂಡರೂ ಹೊಳೆಯುವುದಿಲ್ಲ. ಜಗತ್ತಿನಲ್ಲಿ ಅದು ಇನ್ನೆಲ್ಲೂ ಇಲ್ಲ, ಇದ್ದ ಒಂದು ಜಾಗವನ್ನು ನಾನೇ ಶುದ್ಧ ಮಾಡಿಬಿಟ್ಟೆ.

ಈಗ ಲ್ಯಾಪ್‌ಟಾಪನ್ನು ದಿನವೂ ಪೂರ್ತಿ ಆರಿಸುತ್ತೇವೆ. ನನ್ನ ಕೆಲಸವಿದ್ದರೆ ಅತ್ತೆಯನ್ನು ಕರೆಯುತ್ತೇನೆ. ಅವರು ಬಂದು ಬೀಗ ತೆಗೆದುಕೊಟ್ಟು ಹೋಗುತ್ತಾರೆ. ಮೊನ್ನೆ ಅವರೇ ನನ್ನನ್ನು ಕರೆದರು. "ಅಕ್ಷರ ಸಣ್ಣಕೆ ಕಾಣ್ತವೆ, ದೊಡ್ಡದು ಮಾಡಾದು ಎಂಗೆ ಹೇಳ್ಕೊಡು," ಅಂದರು. ಬರೆದದ್ದನ್ನು ಮುಚ್ಚಿ ಒಂದು ಖಾಲಿ ಹಾಳೆ ತೆರೆದಿಟ್ಟಿದ್ದರು. ಹೇಳಿಕೊಟ್ಟೆ. ಎರಡು ಸಲ ತಾವೇ ಮಾಡಿ ನೋಡಿದರು.

"ಬಂತು. ಇನ್ನು ನೀನು ಹೋಗವ್ವ," ಅಂದರು.

ಎದ್ದು ಹೋಗಿ ಅಡುಗೆಮನೆಯಲ್ಲಿ ಕೂತೆ. ಸ್ವಲ್ಪ ಹೊತ್ತಿಗೆ ಒಂದೊಂದೇ ಗುಂಡಿ ಒತ್ತುವ ಸದ್ದು ಕೇಳತೊಡಗಿತು.