ಎತ್ತಿಗಿರುವ ಸೋಮವಾರ

ಜರ್ಮನಿಗೆ ಬಂದ ಮೊದಲ ಭಾನುವಾರ ಕಾಯಿಚಟ್ನಿಗೆಂದು ಮಿಕ್ಸಿ ತಿರುಗಿಸಿದ್ದೇ ತಡ, ಬಾಗಿಲ ಗಂಟೆ ಹೊಡೆಯಿತು. ಕೆಳಗಿನ ಮನೆಯ ಅಜ್ಜಿ. ಸಕ್ಕರೆಯೋ ಕಾಫಿಪುಡಿಯೋ ಕೇಳಲು ಬಂದಿರಬೇಕೆಂದು ನಗುತ್ತ ಒಳಗೆ ಕರೆದೆ. ಆಕೆ ಬೆರಳನ್ನು ತುಟಿಗಿಟ್ಟು "ರೂಹೆಟಾಗ್" ಎಂದು ಹೊರಟುಹೋದಳು. ಹಾಗೆಂದರೆ ವಿಶ್ರಾಂತಿಯ ದಿನ. ಭಾನುವಾರ ಇಲ್ಲಿ ಗೋಡೆಗೆ ಮೊಳೆ ಹೊಡೆಯುವಂತಿಲ್ಲ, ಅಂಗಡಿಗಳೂ ಕದ ತೆಗೆಯುವುದಿಲ್ಲ.

ನಮ್ಮ ದೇವಲಾಪುರದ ಕಡೆಯವರಿಗೆ ಇದು ತಿಳಿಯದ್ದೇನಲ್ಲ. ಸೋಮವಾರ ಬಸವನ ದಿನ, ಎತ್ತಿನ ಹೆಗಲಿಗೆ ನೊಗ ಇಡುವುದಿಲ್ಲ. ಮಳೆ ಬಿದ್ದು ಹೊಲ ಹದವಾಗಿದ್ದರೂ ನಮ್ಮಣ್ಣ ಅಂದು ನೇಗಿಲು ಹೂಡುವವನಲ್ಲ. ಎತ್ತು ಮೆಲುಕು ಹಾಕುತ್ತ ಮಲಗಿದ್ದರೆ ಅವ್ವ ಅದರ ಸಗಣಿ ಬಾಚುತ್ತಾಳೆ, ಡೇರಿಗೆ ಹಾಲು ಹೊರುತ್ತಾಳೆ, ಹಿಟ್ಟು ತಿರುವುತ್ತಾಳೆ. ಅವಳಿಗೆ ಯಾವ ವಾರವೂ ಇಲ್ಲ. ನಾನು ಅವಳ ಮಗಳು.

ಇಲ್ಲಿ ಆಸ್ಪತ್ರೆಯೊಂದರಲ್ಲಿ ನರ್ಸು. ಭಾನುವಾರ ಮಿಕ್ಸಿಯ ಸದ್ದು ಸಹಿಸದ ಈ ಊರಿನಲ್ಲಿ, ರಜೆಯ ದಿನವೂ ವಾರ್ಡಿನಿಂದ ಫೋನು ಬರುತ್ತದೆ: ಯಾರೋ ಬಂದಿಲ್ಲ, ನೀನು ಬರುತ್ತೀಯಾ? ಇಲ್ಲಿಯವರು ಆಗುವುದಿಲ್ಲ ಎಂದು ಫೋನಿಡುತ್ತಾರೆ, ಯಾರೂ ಬೇಸರಪಟ್ಟುಕೊಳ್ಳುವುದಿಲ್ಲ. ನಮ್ಮ ಕಡೆ ಕೆಲಸಕ್ಕೆ ಕರೆದವರಿಗೆ ಆಗಲ್ಲ ಎಂದರೆ ಮುಖಕ್ಕೆ ಹೊಡೆದಂತೆ. ನಾನು ಪ್ರತಿಸಲವೂ ಬಂದೆ ಎಂದೆ. ಆಮೇಲೆ ಫೋನು ಮೊದಲು ನನಗೇ ಬರತೊಡಗಿತು. ಅದನ್ನು ಒಳ್ಳೆಯ ಹೆಸರೆಂದು ತಿಳಿದು ಬೀಗಿದೆ.

ದೂರದ ಅಂಗಡಿಯಿಂದ ತಂದ ರಾಗಿಹಿಟ್ಟು ಡಬ್ಬಿಯಲ್ಲೇ ಮುಗ್ಗಿತು. ಮುದ್ದೆ ತಿರುವಲು ತೋಳಿನಲ್ಲಿ ಕಸುವಿರಲಿಲ್ಲ, ಒಣ ಬ್ರೆಡ್ಡೇ ಗತಿ. ಒಂದು ಬೆಳಿಗ್ಗೆ ಒಂದು ಕಾಲುಚೀಲ ಹಾಕಿಕೊಂಡವಳಿಗೆ ಇನ್ನೊಂದನ್ನು ಹಾಕಿಕೊಳ್ಳಲು ಆಗಲಿಲ್ಲ. ಅದನ್ನು ಕೈಯಲ್ಲಿ ಹಿಡಿದು ಅಳುತ್ತ ಕೂತುಬಿಟ್ಟೆ. ಡಾಕ್ಟರು ಬರ್ನ್‌ಔಟ್ ಎಂದರು. ಎಣ್ಣೆ ತೀರಿದ ಮೇಲೆ ಬತ್ತಿಯೇ ಉರಿಯುತ್ತದಲ್ಲ, ಹಾಗೆ. ಕೆಲವು ವಾರ ರಜೆ ಬರೆದುಕೊಟ್ಟರು.

ಊರಿಗೆ ಫೋನು ಮಾಡಿ ರಜೆಯ ವಿಷಯ ಹೇಳಿದೆ.

"ಜ್ವರ ಬಂದದಾ?" ಎಂದಳು ಅವ್ವ.

"ಇಲ್ಲ ಕಣವ್ವ."

"ಕೈಕಾಲು ನೆಟ್ಟಗವೆ, ಮತ್ಯಾಕೆ ರಜಾ? ಕೆಲ್ಸದಿಂದ ತಗುದ್ಬುಟ್ರಾ? ನಿಜ ಹೇಳು."

"ಸುಸ್ತಾಗದೆ. ಎತ್ತಿಗೂ ಸೋಮವಾರ ಬುಡ್ತೀವಲ್ಲ, ಅಂಗೆ ಅನ್ಕೊ."

"ಎತ್ತಿಗೆ ಬಾಯಿಲ್ಲ. ಅದ್ಕೇ ಹಿರೀಕ್ರು ಅದ್ರ ಪರವಾಗಿ ಸಾಕು ಅಂದವ್ರೆ. ನಿಂಗೆ ಬಾಯದಲ್ಲ, ನೀನ್ಯಾಕೆ ಅನ್ನನಿಲ್ಲ?"

"ನೀನು ಯಾವತ್ತಾರ ಅಂದಿದ್ದೀಯಾ?"

ಅವ್ವ ನಕ್ಕಳು. "ನಾನು ಅಂದಿದ್ರೆ ನಿಮ್ಗೆ ಹಿಟ್ಟು ತಿರುವೋರ್ಯಾರು? ನಿಮ್ಮಪ್ಪ ತಿರುವ್ತಿದ್ನಾ?"

ನನಗೆ ನಗು ಬರಲಿಲ್ಲ.

ರಜೆ ಮುಗಿಯುವ ಮೊದಲೇ ವಾರ್ಡಿನವರು ಫೋನು ಮಾಡಿದರು: ಒಂದು ದಿನದ ಮಟ್ಟಿಗೆ ಬರುತ್ತೀಯಾ? ಮೊದಲ ಬಾರಿಗೆ "ನೈನ್" ಎಂದೆ, ಇಲ್ಲ ಎಂದು. ಆ ಕಡೆಯವಳು ಸರಿ ಎಂದು ಫೋನಿಟ್ಟಳು. ಅಷ್ಟೇ. ಇಷ್ಟು ಸಣ್ಣ ಮಾತನ್ನು ಆಡಲಾರದೆ ಮೈಯನ್ನೆಲ್ಲ ತೆತ್ತಿದ್ದೆ.

ಆದರೆ ಆ ಧೈರ್ಯ ಊರಿನವರ ಮುಂದೆ ನಿಲ್ಲಲಿಲ್ಲ. ಕಳೆದ ವಾರ ಅವ್ವ ವಿಡಿಯೋ ಕಾಲ್ ಮಾಡಿದಾಗ ಪಕ್ಕದಲ್ಲಿ ಚಿಕ್ಕಪ್ಪ ಕೂತಿದ್ದ. ಹಗಲಲ್ಲಿ ರಗ್ಗು ಹೊದ್ದಿದ್ದ ನನ್ನನ್ನು ಕಂಡು, "ಇದೇನವ್ವಾ, ಇಷ್ಟೊತ್ನಲ್ಲಿ ಮಲ್ಗಿದ್ದೀಯ?" ಎಂದ.

ನಾನು ಬಾಯಿ ತೆರೆಯುವ ಮೊದಲೇ ಅವ್ವ ಹೇಳಿದಳು, "ನೈಟ್ ಡ್ಯೂಟಿ ಕಣಪ್ಪ ಅದ್ಕೆ."

"ಹೂಂ ಚಿಕ್ಕಪ್ಪ, ನೈಟ್ ಡ್ಯೂಟಿ," ಎಂದೆ ನಾನೂ.

"ದುಡೀಬೇಕು ಮಗ. ನಿನ್ನೆಸ್ರು ಹೇಳ್ಕಂಡೇ ನಾವಿಲ್ಲಿ ಎದೆ ಎತ್ಕಂಡು ಓಡಾಡ್ತಿರೋದು," ಎಂದು ಅವನು ಎದ್ದು ಹೋದ. ಅವನ ಹೆಜ್ಜೆ ಸದ್ದು ಅಡಗಿದ ಮೇಲೆ ಅವ್ವ ದನಿ ಇಳಿಸಿದಳು.

"ಮಲಿಕ್ಕೊ ಮಗ, ಚೆನ್ನಾಗಿ ಮಲಿಕ್ಕೊ. ಕದ ಹಾಕ್ಕೊ, ಯಾರಾರ ನೋಡಾರು."

ನನ್ನನ್ನು ನೋಡಲು ಬರುವವರು ಒಬ್ಬರೂ ಇಲ್ಲದ ಈ ಊರಿನಲ್ಲಿ, ಎದ್ದು ಹೋಗಿ ಚಿಲಕ ಹಾಕಿಕೊಂಡೆ.