ಅಚ್ಚಾಗಿಹೋದ ಎಕ್ಸ್-ರೇ

ಎಕ್ಸ್-ರೇ ಫಿಲ್ಮನ್ನು ಕೈಗೆ ಕೊಟ್ಟರೆ ಅದನ್ನು ಬೆಳಕಿಗೆ ಹಿಡಿದು, ಒಂದು ಕಣ್ಣು ಕಿರಿದು ಮಾಡಿ, ‘ಹ್ಞೂಂ’ ಎಂದು ಗಂಭೀರವಾಗಿ ತಲೆಯಾಡಿಸದ ಮಹಾನುಭಾವರನ್ನು ನಾನು ಈವರೆಗೆ ಕಂಡಿಲ್ಲ. ಅವರಿಗೆ ಕಂಡದ್ದೇನೆಂದು ಮಾತ್ರ ಕೇಳಬಾರದು. ವೈದ್ಯಶಾಸ್ತ್ರದ ಗಂಧಗಾಳಿಯಿಲ್ಲದ ನಾನೂ ಆ ಪಂಡಿತಮಂಡಲಿಯ ಆಜೀವ ಸದಸ್ಯನೇ.

ಈ ಫಿಲ್ಮನ್ನು ಯಾರೂ ಎಸೆಯುವುದಿಲ್ಲ ಎಂಬುದು ಇನ್ನೊಂದು ವಿಚಿತ್ರ. ಗ್ರಹಣದ ಸೂರ್ಯನನ್ನು ನೋಡಲಿಕ್ಕಾಯಿತು ಎಂದು ಅಟ್ಟದಲ್ಲಿಡುವವರುಂಟು. ವಯನಾಡಿನ ನಮ್ಮಂಥ ಜೈನ ಕಾಫಿ ಬೆಳೆಗಾರರ ಮನೆಗಳಲ್ಲಿ ಅದಕ್ಕೆ ಇನ್ನೂ ಘನವಾದ ಉಪಯೋಗವಿತ್ತು. ಅದರಲ್ಲಿ ಅಕ್ಷರ ಕೊರೆದು, ಕಾಫಿ ಚೀಲದ ಮೇಲಿಟ್ಟು ಕಪ್ಪು ಬಣ್ಣ ಬಳಿದರೆ ಬೆಳೆಗಾರನ ಹೆಸರು ಅಚ್ಚುಕಟ್ಟಾಗಿ ಮೂಡುತ್ತದೆ. ರಟ್ಟಿನ ಅಚ್ಚು ಒಂದೇ ಸುಗ್ಗಿಗೆ ಮೆತ್ತಗಾಗುತ್ತದೆ; ಎಕ್ಸ್-ರೇಯದು ಚಿರಂಜೀವಿ. ಹೀಗಾಗಿ, ನನ್ನ ಹೆಂಡತಿ ಪದ್ಮಾವತಿ ಕೆಮ್ಮೆಂದು ತೆಗೆಸಿಕೊಂಡ ಎದೆಯ ಚಿತ್ರ, ಕೆಮ್ಮು ಹೋದ ವಾರವೇ ನನ್ನ ಬ್ಲೇಡಿಗೆ ಸಿಕ್ಕಿತು. ಖರ್ಚಿಲ್ಲದ ಬುದ್ಧಿವಂತಿಕೆಗೆ ನಾನು ಊರಲ್ಲೇ ಹೆಸರಾದವನು.

ಎರಡು ವರ್ಷದ ಮೇಲೆ ಆ ಕೆಮ್ಮು ಮರಳಿತು. ವಯನಾಡು ಆಗತಾನೇ ಜಿಲ್ಲೆಯಾಗಿತ್ತು. ಜಿಲ್ಲೆ ಹುಟ್ಟಿದರೂ ದೊಡ್ಡ ಕಾಯಿಲೆಗೆ ಘಾಟಿ ಇಳಿದು ಕೋಳಿಕ್ಕೋಡಿಗೇ ಹೋಗಬೇಕಿತ್ತು. ಮೀನಂಗಡಿಯಲ್ಲಿ ಬಸ್ಸು ಹತ್ತಿ ಹೋದೆವು. ಅಲ್ಲಿನ ಡಾಕ್ಟರು ಹೊಸ ಚಿತ್ರವನ್ನು ದೀಪದ ಪೆಟ್ಟಿಗೆಗೆ ಸಿಕ್ಕಿಸಿ, ಬಲ ಶ್ವಾಸಕೋಶದ ಮೇಲ್ಭಾಗದಲ್ಲಿ ಕಡಲೆಕಾಳಿನಷ್ಟು ನೆರಳೊಂದನ್ನು ತೋರಿಸಿದರು. ಒಂದೇ ಚಿತ್ರ ನೋಡಿ ಏನೂ ಹೇಳಲಾಗದಂತೆ. ಎರಡು ವರ್ಷದಿಂದ ಅಷ್ಟೇ ಇದ್ದರೆ ಬಹುಶಃ ಹಳೆಯ ಗಾಯದ ಕಲೆ. ಕೆಲವು ವಾರಗಳಲ್ಲಿ ಕರಗಿದರೆ ಸೋಂಕು. ಸದ್ದಿಲ್ಲದೆ ತಿಂಗಳಿಂದ ತಿಂಗಳಿಗೆ ಹಿಗ್ಗಿದರೆ ಕ್ಯಾನ್ಸರಿನ ಶಂಕೆ. ಆದ್ದರಿಂದ ಹಳೆಯ ಚಿತ್ರವೆಲ್ಲಿ ಎಂದು ಕೇಳಿದರು.

ಹೆಂಡತಿಯ ಎದೆಯ ಮೇಲೆ ನನ್ನ ಹೆಸರು ಕೊರೆದಿದ್ದೇನೆಂದು ಅಷ್ಟು ಜನ ನರ್ಸುಗಳ ಮುಂದೆ ಹೇಗೆ ಹೇಳಲಿ, ನೀವೇ ಹೇಳಿ. ಗೆದ್ದಲು ತಿಂದಿತು ಎಂದುಬಿಟ್ಟೆ. ಪದ್ಮಾವತಿ ಸೆರಗು ಸರಿಮಾಡಿಕೊಂಡಳು. ಹಾಗಾದರೆ ಮೂರು ತಿಂಗಳು ಬಿಟ್ಟು ಮತ್ತೊಂದು ತೆಗೆದು ಹೋಲಿಸೋಣ ಎಂದರು ಡಾಕ್ಟರು.

ಆ ಮೂರು ತಿಂಗಳು ನನ್ನ ತಲೆ ಕಲಸಿದ ಹಿಟ್ಟಾಗಿತ್ತು. ನೆರೆಮನೆಯ ಮಲಯಾಳಿ ಮಾಷ್, ಶಾಲೆಯಲ್ಲಿ ಭೂಗೋಳ ಹೇಳುವವರು, ಚಿತ್ರವನ್ನು ಕಿಟಕಿಗೆ ಹಿಡಿದು, ನಿರಪರಾಧಿಯಾದ ಹೃದಯದ ಮೇಲೆ ಬೆರಳಿಟ್ಟು, ಪೇಡಿಕ್ಕೇಂಡ, ಹೆದರಬೇಡಿ, ಇದು ಬರೀ ಕಫ ಎಂದರು. ನಾನು ನೋಡಿದರೆ ನೆರಳು ಬೆಳಿಗ್ಗೆ ಚಿಕ್ಕದು, ಮಧ್ಯಾಹ್ನ ದೊಡ್ಡದು. ಅಲ್ಲ, ತೆಗೆದಿಟ್ಟ ಚಿತ್ರದೊಳಗೆ ಏನಾದರೂ ಬೆಳೆಯುವುದುಂಟೇ? ಅಷ್ಟು ಸಾಮಾನ್ಯಜ್ಞಾನವೂ ನನ್ನನ್ನು ಬಿಟ್ಟುಹೋಗಿತ್ತು. ಪದ್ಮಾವತಿ ಎಂದಿನಂತೆ ಸೂರ್ಯ ಮುಳುಗುವ ಮೊದಲೇ ಊಟ ಬಡಿಸುತ್ತಿದ್ದಳು. ಕೆಮ್ಮು ಬಂದರೆ ನನಗೆ ಕೇಳಬಾರದೆಂದು ಹಿತ್ತಲಿಗೆ ಹೋಗುತ್ತಿದ್ದಳು. ನನಗೆ ಕೇಳುತ್ತಿತ್ತು, ಭಯವೂ ಆಗುತ್ತಿತ್ತು. ನಿಜ ಹೇಳಿಬಿಡೋಣವೆಂದು ಎಷ್ಟೋ ಸಲ ಅನ್ನಿಸಿತು. ಕೊರೆದು ಹಾಳಾದ ಫಿಲ್ಮಿನಿಂದ ಇನ್ನೇನು ಪ್ರಯೋಜನ ಎಂದು ನನ್ನ ಹೇಡಿತನಕ್ಕೆ ತರ್ಕದ ಅಂಗಿ ತೊಡಿಸಿ ಸುಮ್ಮನಾದೆ.

ಎರಡನೆಯ ಚಿತ್ರ ನೋಡಿ ಡಾಕ್ಟರೂ ಗೊಂದಲಕ್ಕೆ ಬಿದ್ದರು. ತುಸು ದೊಡ್ಡದಾದಂತಿದೆ; ಆದರೆ ಹೋದ ಸಲ ಇವರು ಪೂರ್ತಿ ಉಸಿರೆಳೆದಿರಲಿಲ್ಲ, ಅದರಿಂದಲೂ ಹಾಗೆ ಕಾಣಬಹುದು. ಹಳೆಯದರ ಒಂದು ಚೂರಾದರೂ ಉಳಿದಿದ್ದರೆ ಎಂದು ನಿಟ್ಟುಸಿರಿಟ್ಟರು. ಇನ್ನು ತಡೆಯಲಾಗಲಿಲ್ಲ, ಎಲ್ಲವನ್ನೂ ಒದರಿಬಿಟ್ಟೆ. ಅವರು ನಗಲಿಲ್ಲ, ಬೈಯಲೂ ಇಲ್ಲ. ಹೇಗಿದ್ದರೂ ಸರಿ, ತನ್ನಿ ಎಂದರು. ಮರುದಿನ ಅಚ್ಚನ್ನು ಹಳೆಯ ಪತ್ರಿಕೆಯಲ್ಲಿ ಸುತ್ತಿಕೊಂಡು ಇಬ್ಬರೂ ಮತ್ತೆ ಘಾಟಿ ಇಳಿದೆವು.

ದೀಪದ ಪೆಟ್ಟಿಗೆಯ ಮೇಲೆ ನನ್ನ ಹೆಸರು ಝಗಝಗಿಸಿತು. ಅಕ್ಷರಗಳು ಅವಳ ಪಕ್ಕೆಲುಬುಗಳನ್ನು ಕಡಿದುಕೊಂಡು ಸಾಗಿದ್ದವು. ಎರಡು ಅಕ್ಷರಗಳ ನಡುವೆ, ಆ ನೆರಳಿರಬೇಕಾದ ಜಾಗ ಮಾತ್ರ ಇಡಿಯಾಗಿ ಉಳಿದಿತ್ತು. ಸ್ಪಿರಿಟ್ಟಿನಲ್ಲಿ ಅದ್ದಿದ ಹತ್ತಿಯಿಂದ ಡಾಕ್ಟರು ಬಣ್ಣ ಒರೆಸಿದರು. ಅಲ್ಲಿ ಏನೂ ಇರಲಿಲ್ಲ, ಶುಭ್ರವಾಗಿತ್ತು. ನನಗಾದ ಸಂತೋಷಕ್ಕೆ ಹೆಂಡತಿಯ ಕಡೆ ತಿರುಗಿ ನಕ್ಕೇಬಿಟ್ಟೆ. ಅವಳು ನಗಲಿಲ್ಲ. ಅಂದು ಇಲ್ಲದ್ದು ಇಂದು ಇದೆಯೆಂದರೆ ಅದು ಹೊಸದು, ಬೆಳೆಯುತ್ತಿರುವುದು ಎಂದು ಅವಳಿಗೆ ನನಗಿಂತ ಮೊದಲೇ ತಿಳಿದಿತ್ತು. ಇದನ್ನು ಆಗಲೇ ನೋಡಿದ್ದರೆ ಮೂರು ತಿಂಗಳು ಕಾಯುತ್ತಿರಲಿಲ್ಲ ಎಂದರು ಡಾಕ್ಟರು, ಮೆಲ್ಲಗೆ.

ಹೊರಗೆ ಬಂದು ಬೆಂಚಿನ ಮೇಲೆ ತಲೆ ತಗ್ಗಿಸಿ ಕೂತೆ. ಅವಳು ಪಕ್ಕದಲ್ಲಿ ಕೂತಳು.

“ಗೆದ್ದಲಲ್ಲ ಅಂತ ನಂಗೆ ಅವತ್ತೇ ಗೊತ್ತಿತ್ತು,” ಎಂದಳು. “ನೀವು ಬಣ್ಣ ಬಳಿಯೋವಾಗ ಚೀಲ ಹಿಡಿದದ್ದು ನಾನೇ ಅಲ್ವಾ. ಮೂರು ತಿಂಗ್ಳು ನಿಮ್ಮ ಮಾನ ಕಾದದ್ದು ಸಾಕು. ಬೇಗ ಆಪರೇಷನ್ ಮಾಡ್ಲಿಕ್ಕೆ ಹೇಳಿ.”

ಆ ವಾರವೇ ಶಸ್ತ್ರಕ್ರಿಯೆಯಾಯಿತು. ತೆಗೆದದ್ದು ಕ್ಯಾನ್ಸರೇ. ಬೇಗ ಸಿಕ್ಕಿತು, ಪುಣ್ಯವಂತರು ಎಂದರು ಡಾಕ್ಟರು. ಆ ‘ಬೇಗ’ದಲ್ಲಿ ನಾನು ತಿಂದುಹಾಕಿದ ಮೂರು ತಿಂಗಳೂ ಸೇರಿದೆಯೋ ಇಲ್ಲವೋ ಎಂದು ಅವರನ್ನು ಕೇಳುವ ಧೈರ್ಯ ನನಗೆ ಇಂದಿಗೂ ಬಂದಿಲ್ಲ.