ಹಸು ನೋಡೋ ನರ್ಸಮ್ಮ

ಚಿಂತಾಮಣಿಯಲ್ಲಿ ನರ್ಸಾಗಿದ್ದಾಗ ಹಳ್ಳಿಗಳಿಗೆ ಹೋಗಿ, ಎದೆಯಲ್ಲಿ ಗಂಟೇನಾದರೂ ಇದೆಯಾ ಅಂತ ತಾವೇ ಮುಟ್ಟಿ ನೋಡಿಕೊಳ್ಳೋದನ್ನ ಹೆಂಗಸರಿಗೆ ಹೇಳಿಕೊಡೋದು ನನ್ನ ಕೆಲಸವಾಗಿತ್ತು. ಅಂಬಾಜಿದುರ್ಗದ ಕಡೆ ಒಂದು ಮನೆಯಲ್ಲಿ ಯಜಮಾನರು ಜಗಲಿ ಬಿಟ್ಟು ಏಳಲೇ ಇಲ್ಲ. "ನಮ್ಮನೆ ಹೆಂಗಸರಿಗೆ ಅಂಥದ್ದೆಲ್ಲ ಬರಲ್ಲ ಕಣಮ್ಮ. ಏನಿದ್ರೂ ನನಗೇ ಹೇಳಮ್ಮ" ಅಂದರು. ಎದೆಯ ವಿಷಯ ಅವರಿಗೇನು ಹೇಳಲಿ? ನೀರು ಕೇಳೋ ನೆಪದಲ್ಲಿ ಹಿತ್ತಲಿಗೆ ಹೋದೆ.

ಅವರ ಹೆಂಡತಿ ಲಕ್ಷ್ಮಮ್ಮ ಕೊಟ್ಟಿಗೆಯಲ್ಲಿ ಹಾಲು ಕರೆಯೋ ಮೊದಲು ಹಸುವಿನ ಕೆಚ್ಚಲನ್ನ ಸುತ್ತಲೂ ಒತ್ತಿ ನೋಡ್ತಿದ್ದರು.

"ಯಾಕಮ್ಮ ಹಾಗೆ ಒತ್ತಿ ನೋಡ್ತೀರಿ?"

"ಗಂಟು ಕಟ್ಟಿದ್ರೆ ಮೊದಲೇ ಗೊತ್ತಾಗಬೇಕಲ್ಲಮ್ಮ. ದಿನಾ ನೋಡ್ತೀನಿ."

"ನಿಮ್ಮದನ್ನ?"

ಸೆರಗು ಬಾಯಿಗೆ ಹಿಡಿದು ನಕ್ಕರು. "ಹಸು ಹಾಲು ನಿಲ್ಲಿಸಿದ್ರೆ ಮನೆಯವರೆಲ್ಲ ಗಾಬರಿ ಬೀಳ್ತಾರೆ. ನನ್ನ ಚಿಂತೆ ಯಾರಿಗಿದೆ?"

"ನಿಮಗಿರಬೇಕು" ಅಂದೆ.

ನಗು ನಿಂತಿತು. ಕೊಟ್ಟಿಗೆ ಬಾಗಿಲು ಹಾಕಿಕೊಂಡು, ಕೆಚ್ಚಲು ನೋಡಿದ ಕೈಯನ್ನೇ ತೊಳೆದುಕೊಂಡು ಕಲಿತರು.

"ಇಷ್ಟು ಹೊತ್ತು ಒಳಗೇನು ಮಾಡ್ತಿದ್ದೀರಿ?" ಯಜಮಾನರು ಜಗಲಿಯಿಂದಲೇ ಕೂಗಿದರು.

"ಹಸು ನೋಡ್ತಿದ್ದೀವಿ!" ಅಂದರು ಲಕ್ಷ್ಮಮ್ಮ.

"ಹಂಗಾದ್ರೆ ನಿಧಾನವಾಗಿ ನೋಡಿ, ಅವಸರ ಬೇಡ."

ಆಮೇಲೆ ಯಾವ ಊರಿಗೆ ಹೋದರೂ ನಾನು ಹಸು ನೋಡೋಕೆ ಬಂದವಳೇ. ಒಬ್ಬ ಗಂಡಸೂ ತಡೆಯಲಿಲ್ಲ.